ನೆರೆಯ ಹಿರಿಯರನ್ನು ಕೇಳೋಣ

2024ರ ಸೆಪ್ಟೆಂಬರ್‌ನಲ್ಲಿ ಗಣೇಶ ಮೆರವಣಿಗೆಯ ವೇಳೆ ನಾಗಮಂಗಲದಲ್ಲಿ ಗಲಭೆಯಾಗಿ ಅಂಗಡಿಗಳು ಸುಟ್ಟುಹೋದವು. ನಮ್ಮ ಮಕ್ಕಳಿಗೆ ಆ ಊರೆಂದರೆ ಅದೊಂದೇ ನೆನಪು. ಶ್ರೀರಂಗಪಟ್ಟಣವೆಂದರೆ ಟಿಪ್ಪುವಿನ ಕುರಿತ ವಾಗ್ವಾದ ಮಾತ್ರ. ಪಾಂಡವಪುರವನ್ನು ಫ್ರೆಂಚ್ ರಾಕ್ಸ್ ಎನ್ನುತ್ತಿದ್ದ ದಿನಗಳನ್ನು, ಕೆ.ಆರ್. ಪೇಟೆಯ ಸಂತೆಯಲ್ಲಿ ಉಭಯ ಸಮುದಾಯಗಳು ಕೂಡಿ ವ್ಯವಹರಿಸಿದ್ದನ್ನು ಬಲ್ಲ ಹಿರಿಯರು ನೆರೆಯಲ್ಲೇ ಇದ್ದಾರೆ. ಅವರನ್ನು ಕೇಳುವವರಿಲ್ಲ.

ಯಾರು ಯಾರಿಂದ ಕೇಳಿದರೆಂದು ವಿಚಾರಿಸದೆ ಹದೀಸ್ ವಿದ್ವಾಂಸರು ಯಾವ ವರದಿಯನ್ನೂ ಸ್ವೀಕರಿಸುತ್ತಿರಲಿಲ್ಲ. ಆ ಪರಂಪರೆಯ ವಾರಸುದಾರರಾದ ನಾವು ವದಂತಿಯನ್ನು ಮಾತ್ರ ವಿಚಾರಿಸದೆಯೇ ನಂಬುವುದು ಸರಿಯೇ?

ನೆರೆಯವರೊಡನೆ ಸದ್ವರ್ತನೆಯನ್ನು ಆದೇಶಿಸುವ ಪವಿತ್ರ ಕುರ್‌ಆನ್ (4:36), ಬಂಧುವಲ್ಲದ ನೆರೆಯವರನ್ನೂ ಸೇರಿಸಿದೆ. ಆದ್ದರಿಂದ ಪಕ್ಕದ ಮನೆಯ ಅಜ್ಜ ಮುಸ್ಲಿಮರಾಗಿರಲಿ, ಹಿಂದೂ ಆಗಿರಲಿ, ರಜಾದಿನಗಳಲ್ಲಿ ಮಕ್ಕಳನ್ನು ಅವರ ಬಳಿಗೆ ಕಳುಹಿಸೋಣ. ಅವರ ಬಾಲ್ಯವನ್ನು ಕೇಳಿ, ಹೇಳಿದವರ ಹೆಸರು, ದಿನಾಂಕ ಸಹಿತ ಬರೆದಿಡಲಿ. ತಡಮಾಡಿದರೆ ಉತ್ತರಿಸಲು ಅವರೇ ಇರುವುದಿಲ್ಲ.