ಕ್ಲಚ್ಚಿನ ಸವೆತವೂ ಕಾಯಕದ ಅರಿವೂ

ವ್ಯಾಕರಣ ಪಾಠ ಹೇಳುವವನಿಗೆ ಕಾರಿನ ಕ್ಲಚ್ಚಿನ ಗೊಡವೆ ಏಕೆಂದು ಈ ಸಂಚಿಕೆಯ ವಾಚಕ ಮಹಾಶಯರು ಕೇಳಬಹುದು. ಕ್ಲಚ್ಚಿನದೂ ಒಂದು ಬಗೆಯ ಸಂಧಿಕಾರ್ಯವೇ ಅಲ್ಲವೆ? ಎಂಜಿನ್ನಿನ ತಿರುಗುವಿಕೆಯನ್ನು ಗೇರುಪೆಟ್ಟಿಗೆಯ ದಂಡದೊಡನೆ ಕೂಡಿಸುವುದು, ಬೇಕೆಂದಾಗ ಬಿಡಿಸುವುದು ಅದರ ಕೆಲಸ. ಗತಿಚಕ್ರಕ್ಕೂ ಒತ್ತುತಟ್ಟೆಗೂ ನಡುವೆ ಸಿಕ್ಕ ತೆಳುವಾದ ಫಲಕವೊಂದು ಆ ಹಿಡಿತವನ್ನು ಕೊಡುತ್ತದೆ. ಅದು ಸವೆದರೆ ಸಂಧಿ ಸಡಿಲುತ್ತದೆ.

ನಮ್ಮ ಮಲವಗೊಪ್ಪದಿಂದ ಭದ್ರಾವತಿಯ ದಿಕ್ಕಿಗೆ ಹೊರಟರೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ಸಿಗುತ್ತದೆ. ಅದರಾಚೆ 1923ರಲ್ಲಿ ಉತ್ಪಾದನೆ ತೊಡಗಿದ, ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಬ್ಬಿಣದ ಕಾರ್ಖಾನೆಯಿದೆ. ಇಂತಹ ಲೋಹದ ನೆರೆಯಲ್ಲಿ ಬೆಳೆಯುವ ಮಕ್ಕಳಿಗೆ ಕೈ ಮಸಿಯಾಗುವ ಕೆಲಸ ಕೀಳೆಂದು ತೋರುವುದು ವಿಷಾದಕರ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಮೊದಲಾದ ಶರಣರ ಹೆಸರುಗಳಲ್ಲಿ ಕಸುಬೇ ಮೊದಲು ಬರುತ್ತದೆ. ಅವರ ವಚನಗಳನ್ನು ಕಂಠಪಾಠ ಮಾಡಿಸುವ ನಾವು ಕಸುಬನ್ನು ಮಾತ್ರ ಶಾಲೆಯ ಅಂಗಳದಾಚೆ ನಿಲ್ಲಿಸಿದ್ದೇವೆ.

ರಿಪೇರಿಗಿಂತ ನಿದಾನ ಮೊದಲು ಎಂಬುದು ನನ್ನ ಅಭಿಪ್ರಾಯ. ಗೇರು ಕಿರುಗುಟ್ಟಿತೆಂದೊಡನೆ ಫಲಕ ಹೋಯಿತೆಂದು ನಂಬಿ ಹಣ ತೆರುವವರು ಬಹಳ. ಗೇರು ಬೀಳದೆ ಕಿರುಗುಟ್ಟುವುದು ಕ್ಲಚ್ಚು ಪೂರ್ಣವಾಗಿ ಬಿಡದಿರುವುದರ ಲಕ್ಷಣ. ತಂತಿ ಸಡಿಲಾಗಿದ್ದರೂ, ದ್ರವ ಸೋರಿದ್ದರೂ ಹಾಗಾಗುತ್ತದೆ. ಸವೆದ ಫಲಕದ ಲಕ್ಷಣವೇ ಬೇರೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಏರುವಾಗ ಎಂಜಿನ್ನು ಮೊರೆಯುತ್ತದೆ, ಗಾಡಿ ಮಾತ್ರ ವೇಗ ಪಡೆಯದು. ಸುಟ್ಟ ವಾಸನೆಯೂ ಬರುತ್ತದೆ. ಪೆಡಲು ಬಹುಮಟ್ಟಿಗೆ ಮೇಲೆ ಬಂದ ಬಳಿಕವೇ ಹಿಡಿತ ಸಿಗುತ್ತದೆ. ಸಂಶಯವಿದ್ದರೆ, ಮುಂದೆ ಯಾರೂ ಇಲ್ಲದ ಸಮತಲದಲ್ಲಿ ಕೈಬ್ರೇಕನ್ನು ಬಿಗಿದು, ಮೂರನೆಯ ಗೇರಿನಲ್ಲಿಟ್ಟು ಪೆಡಲನ್ನು ಮೆಲ್ಲನೆ ಬಿಡಬೇಕು. ಎಂಜಿನ್ನು ನಿಂತರೆ ಹಿಡಿತವಿದೆ. ನಿಲ್ಲದೆ ಓಡುತ್ತಲೇ ಇದ್ದರೆ ಜಾರುತ್ತಿದೆ. ಈ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿದರೆ ಉಳಿದ ಫಲಕವೂ ಬೇಯುತ್ತದೆ. ಜಾರಿದರೂ ಆತುರ ಬೇಡ. ತಂತಿ ಅತಿಬಿಗಿಯಾಗಿ, ಪೆಡಲಿಗೆ ಸಡಿಲು ಜಾಗವೇ ಇಲ್ಲದಿದ್ದಾಗ ಒಳ್ಳೆಯ ಫಲಕವೂ ಜಾರುತ್ತದೆ. ಪೆಡಲನ್ನು ಒತ್ತಿದಾಗ ಮಾತ್ರ ಸದ್ದು ಬಂದರೆ ದೋಷವು ಪ್ರಾಯಶಃ ಬಿಡುಗಡೆಯ ಬೇರಿಂಗಿನದು.

ಮನೆಯಲ್ಲೇ ಬದಲಿಸಬಹುದೇ? ಬದಲಿಸಬಹುದು, ಆದರೆ ಒಬ್ಬನೇ ಕೂಡದು. ಜಾಕಿಯೊಂದನ್ನೇ ನಂಬಿ ಗಾಡಿಯಡಿ ನುಸುಳುವುದು ಅವಿವೇಕ. ಗಟ್ಟಿಯಾದ ಊರೆಗಳು ಬೇಕು, ಚಕ್ರಗಳಿಗೆ ಅಡೆ ಕೊಡಬೇಕು, ಬ್ಯಾಟರಿಯ ತಂತಿಯನ್ನು ಕಳಚಬೇಕು. ಗೇರುಪೆಟ್ಟಿಗೆಯ ಭಾರವನ್ನು ಅಲ್ಪವೆಣಿಸಿದವರ ಬೆರಳುಗಳು ಜಜ್ಜಿಹೋದ ಉದಾಹರಣೆಗಳುಂಟು. ಒತ್ತುತಟ್ಟೆಯ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ಒಳಗಿನ ಧೂಳನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರಸಬೇಕು. ಹಳೆಯ ಗಾಡಿಗಳ ಫಲಕಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರುತ್ತಿತ್ತು. ಹಳೆಯ ಫಲಕಕ್ಕೆ ಎಣ್ಣೆ ತಾಗಿದ್ದರೆ, ಸೋರುವ ಸೀಲನ್ನು ಸರಿಪಡಿಸದೆ ಹೊಸದನ್ನು ಕೂರಿಸುವುದು ವ್ಯರ್ಥ. ಫಲಕ, ಒತ್ತುತಟ್ಟೆ, ಬೇರಿಂಗು ಮೂರನ್ನೂ ಒಟ್ಟಿಗೆ ಬದಲಿಸುವುದು ಲೇಸು. ಫಲಕವು ನಡುವಿಗೆ ಸರಿಯಾಗಿ ಕೂಡದಿದ್ದರೆ ಗೇರುಪೆಟ್ಟಿಗೆಯ ದಂಡ ಒಳಹೋಗದು. ಅಲ್ಲಿ ಬಲಪ್ರಯೋಗ ಸಲ್ಲದು.

ಪರಿಭಾಷೆಯ ಮಾತೊಂದುಂಟು. ಗ್ಯಾರೇಜಿನ ಹುಡುಗರು ‘ಕಿಲಚು’, ‘ಪಳೇಟು’ ಎಂದರೆ ನಗುವ ಪಂಡಿತರಿದ್ದಾರೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟದ್ದನ್ನು ಅವರು ಮರೆತಿರಬೇಕು. ಹೊರಗಿನ ಮಾತನ್ನು ತನ್ನ ನಾಲಗೆಗೆ ಒಗ್ಗಿಸಿಕೊಂಡವನು ವಸ್ತುವನ್ನೂ ಒಗ್ಗಿಸಿಕೊಂಡಿದ್ದಾನೆ.

ವಿದ್ಯುತ್ ಕಾರುಗಳಲ್ಲಿ ಇಂತಹ ಕ್ಲಚ್ಚು ಇರುವುದಿಲ್ಲವೆಂದು ಆಕ್ಷೇಪಿಸುವವರಿಗೆ ನನ್ನ ಉತ್ತರವಿಷ್ಟೆ: ಲಕ್ಷಣದಿಂದ ಕಾರಣಕ್ಕೆ ಹೋಗುವ ಅಭ್ಯಾಸ ಕ್ಲಚ್ಚಿನೊಡನೆ ಹಳತಾಗುವುದಿಲ್ಲ. ಆದುದರಿಂದ ಶ್ರೀಮಠದ ಭಕ್ತರಾದ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನದೊಂದು ವಿಜ್ಞಾಪನೆ. ಹೆಸರು ಕೆತ್ತಿದ ಶಿಲಾಫಲಕಗಳು ಶಾಲೆಯ ಗೋಡೆಗಳಲ್ಲಿ ಸಾಕಷ್ಟಿವೆ. ಮಕ್ಕಳು ಬಿಚ್ಚಿ ಜೋಡಿಸಬಹುದಾದ ಒಂದು ಎಂಜಿನ್ನಾಗಲಿ ಗೇರುಪೆಟ್ಟಿಗೆಯಾಗಲಿ ಇಲ್ಲ. ಯಾರ ಮನೆಯ ಹಿತ್ತಿಲಲ್ಲಾದರೂ ಹಳೆಯ ಅಂಬಾಸಡರೋ ಮಾರುತಿಯೋ ನಿಂತಿದ್ದರೆ ಮುಖ್ಯೋಪಾಧ್ಯಾಯರಿಗೆ ತಿಳಿಸಬೇಕಾಗಿ ಕೋರುತ್ತೇನೆ. ಅದು ಓಡದಿದ್ದರೂ ಬಾಧಕವಿಲ್ಲ.