ಎಷ್ಟು ಮದ್ದು ಸಾಕು?

ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎತ್ತಿಕಟ್ಟಬಹುದೆಂಬುದು ಇಂದು ವಿವಾದದ ವಿಷಯವಾಗಿ ಉಳಿದಿಲ್ಲ. ಆದರೆ ಆ ಚಿಕಿತ್ಸೆ ಬೀದರ್ ಜಿಲ್ಲೆಯ ಗಡಿಯಂಚಿನ ಡಾಬಕಾದಂಥ ಊರಿನ ರೋಗಿಗೆ ಯಾವ ರೂಪದಲ್ಲಿ ದಕ್ಕಬೇಕೆಂಬುದು ಇನ್ನೂ ಇತ್ಯರ್ಥವಾಗಬೇಕಿದ್ದು, ಅದನ್ನು ಬರಿಯ ಬಡತನದ ಅಥವಾ ಸರ್ಕಾರಿ ನೆರವಿನ ಪ್ರಶ್ನೆಯೆಂದು ಬದಿಗೆ ಸರಿಸುವುದು ಸರಿಯಲ್ಲ. ಅದು ಮೂಲತಃ ವಿಜ್ಞಾನದ್ದೇ ಪ್ರಶ್ನೆ.

ಕರ್ನಾಟಕದಲ್ಲಿ ಈ ಚಿಕಿತ್ಸೆಯೆಂದರೆ ಮೊದಲು ನೆನಪಾಗುವುದು ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ 2025ರ ಜನವರಿಯಲ್ಲಿ ಬಿಡುಗಡೆ ಮಾಡಿದ ಕಾರ್-ಟಿ ಚಿಕಿತ್ಸೆ. ರೋಗಿಯ ರಕ್ತದಿಂದ ಟಿ-ಕೋಶಗಳೆಂಬ ಬಿಳಿ ಕಣಗಳನ್ನು ಬೇರ್ಪಡಿಸಿ, ಕ್ಯಾನ್ಸರ್ ಕೋಶವನ್ನು ಗುರುತಿಸುವ ಜೀನನ್ನು ಅವುಗಳಲ್ಲಿ ಸೇರಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ ಮರಳಿ ಮೈಗೆ ಏರಿಸುವ ಈ ವಿಧಾನ ನಿಜಕ್ಕೂ ಅದ್ಭುತವಾದದ್ದು. ಅಮೆರಿಕದ ಬೆಲೆಗೆ ಹೋಲಿಸಿದರೆ ಅಗ್ಗವಾದರೂ ಅದರ ವೆಚ್ಚ ಹತ್ತಾರು ಲಕ್ಷ ರೂಪಾಯಿ. ಮೇಲಾಗಿ ಸದ್ಯಕ್ಕೆ ಅದು ಕೆಲವು ಬಗೆಯ ರಕ್ತದ ಕ್ಯಾನ್ಸರುಗಳಿಗೆ ಸೀಮಿತ. ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ, ತಂಬಾಕು ಗುಟ್ಕಾಗಳಿಂದ ಬರುವ ಬಾಯಿಯ ಕ್ಯಾನ್ಸರಿಗೆ ಅದರಿಂದ ಪ್ರಯೋಜನವಿಲ್ಲ.

ಬಾಯಿಯ ಕ್ಯಾನ್ಸರಿನ ರೋಗಿಗೆ ಹೆಚ್ಚು ಸಂಬಂಧಪಟ್ಟದ್ದು ನಿವೊಲುಮಾಬ್ ಎಂಬ ಔಷಧ. ಟಿ-ಕೋಶದ ಮೈಮೇಲೆ ಪಿಡಿ-1 ಎಂಬ ಪ್ರೋಟೀನು ಇದ್ದು, ಅದನ್ನು ಗುಂಡಿಯಂತೆ ಒತ್ತಿದರೆ ಕೋಶ ದಾಳಿಯಿಂದ ಹಿಂದೆ ಸರಿಯುತ್ತದೆ. ಸ್ವಂತ ಅಂಗಾಂಗಗಳ ರಕ್ಷಣೆಗೆ ದೇಹ ಮಾಡಿಕೊಂಡ ಈ ಏರ್ಪಾಡನ್ನೇ ಕ್ಯಾನ್ಸರ್ ದುರುಪಯೋಗ ಮಾಡಿಕೊಳ್ಳುತ್ತದೆ. ಪಿಡಿ-1ನ್ನು ಕಂಡುಹಿಡಿದ ಜಪಾನಿನ ತಾಸುಕು ಹೊಂಜೊ ಅವರಿಗೆ, ಇಂಥದೇ ಇನ್ನೊಂದು ತಡೆಯ ಮೇಲೆ ಕೆಲಸ ಮಾಡಿದ ಅಮೆರಿಕದ ಜೇಮ್ಸ್ ಆಲಿಸನ್ ಅವರೊಂದಿಗೆ, 2018ರ ನೊಬೆಲ್ ಪ್ರಶಸ್ತಿ ಸಂದಿತು. ನಿವೊಲುಮಾಬ್ ಪಿಡಿ-1ನ್ನು ಮುಚ್ಚಿ ಟಿ-ಕೋಶದ ಕೈಕಟ್ಟು ಬಿಚ್ಚುತ್ತದೆ. ರೂಢಿಯ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಆದರೆ ಮೊದಲ ಪರೀಕ್ಷೆಗಳಲ್ಲೇ, ದೇಹತೂಕದ ಪ್ರತಿ ಕಿಲೋಗೆ 0.3 ಮಿಲಿಗ್ರಾಂ ಕೊಟ್ಟಾಗಲೂ ಪಿಡಿ-1ರ ಬಹುಪಾಲು ಮುಚ್ಚಿಹೋಗುವುದು ಕಂಡುಬಂದಿತ್ತು. 60 ಕಿಲೋ ತೂಗುವವನಿಗೆ ಇದು ಬರೀ 18 ಮಿಲಿಗ್ರಾಂ.

ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಈ ಎಳೆಯನ್ನೇ ಹಿಡಿದು, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ (ಬಾಯಿಯ ಕ್ಯಾನ್ಸರೂ ಇದರಲ್ಲೇ ಸೇರುತ್ತದೆ) ಉಲ್ಬಣಿಸಿದ್ದ 151 ರೋಗಿಗಳ ಮೇಲೆ ನಡೆಸಿದ ಅಧ್ಯಯನವನ್ನು 2022ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಮೂರು ಬಗೆಯ ಮಾತ್ರೆಗಳನ್ನು ಅಲ್ಪ ಪ್ರಮಾಣದಲ್ಲಿ ನಿರಂತರವಾಗಿ ಕೊಟ್ಟು, ಒಂದು ಗುಂಪಿಗೆ ಮಾತ್ರ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮಾಬ್ ಸೇರಿಸಿದಾಗ, ಒಂದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಶೇಕಡಾ 16.3ರಿಂದ 43.4ಕ್ಕೆ ಏರಿತು. ಔಷಧದ ಚಿಕ್ಕ ಶೀಶೆಯಲ್ಲಿರುವುದು 40 ಮಿಲಿಗ್ರಾಂ. ಇಬ್ಬರನ್ನು ಒಂದೇ ದಿನ ಕರೆಸಿಕೊಂಡರೆ ಒಂದು ಶೀಶೆ ಇಬ್ಬರಿಗೂ ಸಾಲುತ್ತದೆ.

ಈ ಅಧ್ಯಯನ ಅಲ್ಪ ಪ್ರಮಾಣವನ್ನು ಪೂರ್ಣ ಪ್ರಮಾಣದೊಂದಿಗೆ ಹೋಲಿಸಲಿಲ್ಲವಾದ್ದರಿಂದ ಎರಡೂ ಸಮವೆಂದು ಸಾಧಿಸಿತು ಎನ್ನಲಾಗದು, ರೋಗ ಗುಣವಾಯಿತೆಂದಂತೂ ಹೇಳುವಂತೆಯೇ ಇಲ್ಲ. ಆದರೆ ಅಂಥ ಹೋಲಿಕೆಯನ್ನು ಮಾಡುವವರಾರು? ತನ್ನ ಸರಕು ಇಷ್ಟೊಂದು ಬೇಡವೆಂದು ಸಾಬೀತುಪಡಿಸುವ ಪರೀಕ್ಷೆಗೆ ಕಂಪನಿ ಹಣ ಹೂಡೀತೆಂದು ನಿರೀಕ್ಷಿಸುವಂತಿಲ್ಲ. ಟಾಟಾ ಮೆಮೋರಿಯಲ್, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಸಾರ್ವಜನಿಕ ಸಂಸ್ಥೆಗಳೇ ಅದಕ್ಕೆ ಮುಂದಾಗಬೇಕು, ಸರ್ಕಾರ ಅದಕ್ಕೆ ದುಡ್ಡು ಕೊಡಬೇಕು.

ಡಾಬಕಾದ ಮಟ್ಟಿಗೆ ಈ ವಿಧಾನದ ಇನ್ನೊಂದು ಅನುಕೂಲವೆಂದರೆ, ಮಾತ್ರೆಗಳನ್ನು ಮನೆಯಲ್ಲೇ ನುಂಗಬಹುದು, ಮೂರು ವಾರಕ್ಕೊಮ್ಮೆಯ ಡ್ರಿಪ್ಪನ್ನು ಹೈದರಾಬಾದಿಗೋ ಕಲಬುರಗಿಗೋ ಹೋಗದೆ ಬೀದರಿನ ಜಿಲ್ಲಾ ಆಸ್ಪತ್ರೆಯಲ್ಲೇ ಏರಿಸುವ ವ್ಯವಸ್ಥೆ ಮಾಡಬಹುದು. ಆದರೆ ಕಟ್ಟು ಬಿಚ್ಚಿದ ಟಿ-ಕೋಶ ಕೆಲವೊಮ್ಮೆ ಕರುಳು, ಶ್ವಾಸಕೋಶ, ಥೈರಾಯ್ಡ್ ಗ್ರಂಥಿಗಳ ಮೇಲೂ ಎರಗುತ್ತದೆ. ಈ ಮದ್ದು ಪಡೆದವನಿಗೆ ಭೇದಿ ಶುರುವಾದರೆ ಅದು ನೀರಿನ ದೋಷವೇ ಆಗಿರಬೇಕಿಲ್ಲ; ಕರುಳಿನ ಉರಿಯೂತವಾಗಿದ್ದರೆ ಬೇಗನೆ ಸ್ಟೀರಾಯ್ಡ್ ಬೇಕಾಗುತ್ತದೆ, ಮತ್ತು ಅದನ್ನು ಮೊದಲು ನೋಡುವವರು ಬೆಂಗಳೂರಿನ ತಜ್ಞರಲ್ಲ, ಊರಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು.