ಹಸಿರು ಮುದ್ರೆಯ ಹೊಣೆ ಯಾರದು?

ಪರಿಸರಸ್ನೇಹಿ ಎಂಬ ಮುದ್ರೆ ನೋಡಿ ಜನ ಸರಕು ಕೊಳ್ಳುತ್ತಾರೆಯೇ ಎಂಬ ಚರ್ಚೆ ಎದ್ದಾಗಲೆಲ್ಲ ಒಂದು ಸಿದ್ಧ ತೀರ್ಪು ಹೊರಬೀಳುತ್ತದೆ: ಸಮೀಕ್ಷೆಯಲ್ಲಿ ಎಲ್ಲರೂ ಭೂಮಿಯ ಮಕ್ಕಳು, ಗಲ್ಲಾಪೆಟ್ಟಿಗೆಯ ಮುಂದೆ ಎಲ್ಲರೂ ಅಗ್ಗದ ಸರಕಿನ ಭಕ್ತರು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ನಕ್ಕು, ಗ್ರಾಹಕರಲ್ಲಿ ‘ಜಾಗೃತಿ’ ಮೂಡಬೇಕೆಂದು ಉಪದೇಶಿಸಿ ಪಂಡಿತರು ಏಳುತ್ತಾರೆ. ಈ ತೀರ್ಪು ಅನ್ಯಾಯದ್ದು. ಗ್ರಾಹಕ ಮುದ್ರೆಯನ್ನು ನಂಬುತ್ತಿಲ್ಲವೆಂದರೆ, ನಂಬಲು ಅರ್ಹವಾದ ಮುದ್ರೆಯೊಂದನ್ನು ಅವನ ಮುಂದೆ ಯಾರಾದರೂ ಇಟ್ಟಿದ್ದಾರೆಯೇ ಎಂದು ಮೊದಲು ಕೇಳಬೇಕು.

ನಮ್ಮ ದೇಶದ್ದೇ ಎರಡು ನಿದರ್ಶನಗಳನ್ನು ನೋಡೋಣ. 1991ರಲ್ಲಿ ಕೇಂದ್ರ ಸರ್ಕಾರ ‘ಇಕೋಮಾರ್ಕ್’ ಯೋಜನೆಯನ್ನು ತಂದಿತು. ಮಣ್ಣಿನ ಮಡಕೆ ಅದರ ಲಾಂಛನ. ಸಾಬೂನು, ಕಾಗದ, ಬಣ್ಣ ಮೊದಲಾದ ನಿತ್ಯಬಳಕೆಯ ಸರಕುಗಳಿಗೆ ಮಾನದಂಡಗಳನ್ನು ಬರೆದಿಟ್ಟರು. ಆದರೆ ಮುದ್ರೆ ಪಡೆಯುವುದು ತಯಾರಕರ ಇಚ್ಛೆಗೆ ಬಿಟ್ಟದ್ದು. ಮೂರು ದಶಕಗಳ ನಂತರವೂ ಅಂಗಡಿಯ ಕಪಾಟಿನಲ್ಲಿ ಆ ಮಡಕೆ ಕಣ್ಣಿಗೆ ಬೀಳುವುದು ಅಪರೂಪ. ಕಾಣದ ಮುದ್ರೆಗೆ ಮನಸೋಲಲಿಲ್ಲವೆಂದು ಗ್ರಾಹಕನನ್ನು ದೂರುವುದು ಯಾವ ನ್ಯಾಯ?

ಇನ್ನೊಂದು, 2006ರಲ್ಲಿ ಬಂದ ವಿದ್ಯುತ್ ಉಳಿತಾಯದ ನಕ್ಷತ್ರಪಟ್ಟಿ. ಅದೂ ಮೊದಲು ಐಚ್ಛಿಕವಾಗಿಯೇ ಇತ್ತು. 2010ರಲ್ಲಿ ಕೋಣೆಯ ಏಸಿ, ಫ್ರಾಸ್ಟ್‌ಫ್ರೀ ರೆಫ್ರಿಜರೇಟರ್ ಮುಂತಾದವಕ್ಕೆ ಕಡ್ಡಾಯವಾಯಿತು. ಇಂದು ಚೆನ್ನೈನಲ್ಲೋ ದೆಹಲಿಯಲ್ಲೋ ಏಸಿ ಕೊಳ್ಳಹೋದವರು ‘ಎಷ್ಟು ಸ್ಟಾರ್?’ ಎಂದು ಕೇಳದೆ ಮುಂದಿನ ಮಾತು ಆಡುವುದಿಲ್ಲ. ಇವರಿಗೆ ಪರಿಸರದ ಪಾಠವನ್ನು ಯಾರೂ ಹೇಳಲಿಲ್ಲ. ಎಲ್ಲ ಕಂಪನಿಗಳ ಸರಕಿನ ಮೇಲೂ ಒಂದೇ ಬಗೆಯ ಪಟ್ಟಿ ಇದೆ. ವರ್ಷಕ್ಕೆ ಎಷ್ಟು ಯೂನಿಟ್ ಖರ್ಚಾಗುತ್ತದೆಂಬ ಅಂಕಿ ಅದರಲ್ಲೇ ಇದೆ. ಮಾನದಂಡ ಬಿಗಿಯಾದಾಗ ಹಳೆಯ ಮಾದರಿ ನಕ್ಷತ್ರ ಕಳೆದುಕೊಳ್ಳುತ್ತದೆ. ಅದು ಹೇಳುವುದು ಕಾಡಿನ ಕತೆಯನ್ನಲ್ಲ, ಕರೆಂಟು ಬಿಲ್ಲಿನ ಲೆಕ್ಕವನ್ನು ಎಂಬುದು ನಿಜ. ಆದರೆ ಆ ಲೆಕ್ಕ ಸಾಚಾ, ಅದರ ಬೆನ್ನಿಗೆ ಕಾನೂನು ಇದೆ. ತಿಂಡಿಯ ಪೊಟ್ಟಣದ ಮೇಲಿನ ಸಸ್ಯಾಹಾರದ ಹಸಿರು ಚುಕ್ಕೆಯೂ ಇಂಥದೇ. ಅದನ್ನು ಅರಿಯಲು ಅಕ್ಷರಜ್ಞಾನವೂ ಬೇಕಿಲ್ಲ.

ಉಳಿದ ಹಸಿರು ಮಾತುಗಳ ಸ್ಥಿತಿ ನೋಡಿ. ‘ನೈಸರ್ಗಿಕ’, ‘ಭೂಮಿಗೆ ಹಿತ’, ಎರಡು ಎಲೆಗಳ ಚಿತ್ರ: ಇವನ್ನು ಅಚ್ಚು ಹಾಕಲು ಬೇಕಾದದ್ದು ಶಾಯಿ ಮಾತ್ರ. ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿರುವ ಬಾಣಗಳ ತ್ರಿಕೋನ ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂದಷ್ಟೇ ಹೇಳುತ್ತದೆ. ಮರುಬಳಕೆಯ ಭರವಸೆಯನ್ನು ಅದು ಕೊಟ್ಟೇ ಇಲ್ಲ. ‘ಕಾಂಪೋಸ್ಟಬಲ್’ ಚೀಲವೂ ಅಷ್ಟೆ. ಅಂಥ ಬಹುಪಾಲು ಚೀಲಗಳು ಕರಗಬೇಕಾದರೆ ಸುಮಾರು 58 ಡಿಗ್ರಿ ಶಾಖ ಕಾಯ್ದುಕೊಳ್ಳುವ ಘಟಕ ಬೇಕು. ಮಿಶ್ರಕಸದೊಡನೆ ಮುಂಬಯಿಯ ದೇವನಾರ್‌ನಂಥ ಕಸದ ಗುಡ್ಡ ಸೇರಿದ ಚೀಲಕ್ಕೆ ಆ ಭಾಗ್ಯವೆಲ್ಲಿ? ಗ್ರಾಹಕ ಹೆಚ್ಚು ದುಡ್ಡು ತೆತ್ತು ಪುಣ್ಯ ಕೊಂಡೆನೆಂದು ಮನೆಗೆ ಹೋಗುತ್ತಾನೆ. ಚೀಲ ಅಲ್ಲೇ ಬಿದ್ದಿರುತ್ತದೆ.

ಇದರ ಪೆಟ್ಟು ಬೀಳುವುದು ಪ್ರಾಮಾಣಿಕನಿಗೆ. ಮಲೆನಾಡು, ಕರಾವಳಿಗಳಲ್ಲಿ ತೋಟದಲ್ಲಿ ತಾನಾಗಿ ಉದುರಿದ ಅಡಿಕೆಯ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವ ಸಣ್ಣ ಘಟಕಗಳಿವೆ. ಪ್ರಮಾಣಪತ್ರದ ಖರ್ಚು ಅಂಥವರಿಗೆ ಹೊರೆ. ಅವರ ತಟ್ಟೆಯೂ, ಒಳಗೆ ಪ್ಲಾಸ್ಟಿಕ್ ಲೇಪವಿದ್ದು ಹೊರಗೆ ಎಲೆ ಅಚ್ಚಾದ ಕಾಗದದ ತಟ್ಟೆಯೂ ಒಂದೇ ಕಪಾಟಿನಲ್ಲಿ ಕುಳಿತರೆ, ಗೆಲ್ಲುವುದು ಅಗ್ಗದ್ದು. ಖೋಟಾ ನಾಣ್ಯ ಚಲಾವಣೆಯಲ್ಲಿದ್ದಾಗ ಸಾಚಾ ನಾಣ್ಯ ಮೂಲೆಗೆ ಸರಿಯುವಂತೆ.

ಮಾರುಕಟ್ಟೆಯೇ ಇದನ್ನು ಸರಿಪಡಿಸೀತು, ಕಡ್ಡಾಯ ಮಾಡಿದರೆ ಅಧಿಕಾರಿಗಳ ಕಾಟ ಎಂದು ವಾದಿಸುವವರಿದ್ದಾರೆ. ಕಾಟದ ಭಯ ಸುಳ್ಳಲ್ಲ. ಆದರೆ ನಿಜ ಯಾವುದು, ಸುಳ್ಳು ಯಾವುದು ಎಂದು ತಿಳಿಯದ ಸಂತೆಯಲ್ಲಿ ಆಯ್ಕೆಯ ಸ್ವಾತಂತ್ರ್ಯಕ್ಕೆ ಅರ್ಥವೇನು? ತಕ್ಕಡಿ, ತೂಕದ ಕಲ್ಲುಗಳ ಸಾಚಾತನವನ್ನು ನಾವು ವರ್ತಕರ ಇಚ್ಛೆಗೆ ಬಿಟ್ಟಿಲ್ಲವಲ್ಲ!

2024ರಲ್ಲಿ ಇಕೋಮಾರ್ಕ್‌ಗೆ ಹೊಸ ನಿಯಮಗಳು ಬಂದವು. ಆಧಾರವಿಲ್ಲದ ಹಸಿರು ಘೋಷಣೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅದೇ ವರ್ಷ ಹೊರಡಿಸಿತು. ಹೆಜ್ಜೆಗಳು ಸರಿಯಾದ ದಿಕ್ಕಿನವು. ಆದರೆ ಇಕೋಮಾರ್ಕ್ ಇನ್ನೂ ಐಚ್ಛಿಕವೇ. ನಿತ್ಯಬಳಕೆಯ ಕೆಲವು ಸರಕುಗಳಿಗಾದರೂ ಅದು ಕಡ್ಡಾಯವಾಗಲಿ. ಸಣ್ಣ ಉತ್ಪಾದಕರ ಪರೀಕ್ಷೆಯ ವೆಚ್ಚವನ್ನು ಸರ್ಕಾರ ಭರಿಸಲಿ. ಸುಳ್ಳು ಮುದ್ರೆ ಒತ್ತಿದವರ ಹೆಸರು, ದಂಡದ ಮೊತ್ತ ಪ್ರಕಟವಾಗಲಿ. ಮುದ್ರೆಯ ಭಾಷೆಯೂ ಕೊಳ್ಳುವವರ ಭಾಷೆಯಾಗಲಿ. ಇಷ್ಟಾದ ಮೇಲೂ ಜನ ಮುದ್ರೆಯನ್ನು ಕಡೆಗಣಿಸಿದರೆ, ಆಗ ಅವರ ಪರಿಸರಪ್ರಜ್ಞೆಯ ಬಗ್ಗೆ ವಿಚಾರಣೆ ನಡೆಸೋಣ. ಅಲ್ಲಿಯವರೆಗೆ ಕಟಕಟೆಯಲ್ಲಿ ನಿಲ್ಲಬೇಕಾದವರು ಮಾರುವವರು ಮತ್ತು ಆಳುವವರು.